ತಂದೆಯ ಹೆಸರು

ತಿಪಟೂರಿನ ತೆಂಗಿನ ಸೀಮೆಯಲ್ಲಿ ಶಿಲ್ಪಿಯ ಮಾತೆತ್ತಿದರೆ ಜಕಣಾಚಾರಿಯ ಕಥೆ ಬಂದೇ ಬರುತ್ತದೆ. ಬೇಲೂರಿನ ವಿಗ್ರಹದ ಶಿಲೆಯೊಳಗೆ ಕಪ್ಪೆಯಿರುವುದನ್ನು ಮಗ ಡಂಕಣನು ತೋರಿಸಿದನಂತೆ. ತಂದೆ ತನ್ನ ಬಲಗೈಯನ್ನೇ ಕಡಿದುಕೊಂಡನಂತೆ. ತುಮಕೂರಿನ ಬಳಿಯ ಕೈದಾಳದಲ್ಲಿ ಚೆನ್ನಿಗರಾಯನ ಅನುಗ್ರಹದಿಂದ ಆ ಕೈ ಮರಳಿ ಬಂದಿತಂತೆ. ಕಥೆಯೇನೋ ಸೊಗಸಾಗಿದೆ. ಆದರೆ ಕಲ್ಲು ಹೇಳುವ ಮಾತು ನಮಗೆ ಇದಕ್ಕಿಂತಲೂ ಪ್ರಿಯ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಆ ಬೇಲೂರಿನ ದೇಗುಲದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಕೆಲಸ ಮಾಡಿದರು. ಚಾವಣನು ತನ್ನ ಹೆಸರನ್ನು ಕೆತ್ತುವಾಗ ದಾಸೋಜನ ಮಗನೆಂದು ಬರೆದುಕೊಂಡನು. ಮಗನು ತಂದೆಯನ್ನು ಗೆದ್ದ ಸುದ್ದಿ ಅಲ್ಲಿಲ್ಲ.

ನಮ್ಮ ತಂದೆಯವರೂ ಕಲ್ಲುಕೆಲಸದವರೇ. ದೇವರನ್ನು ಕಡೆದವರಲ್ಲ, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸುತ್ತಿನ ಮನೆಗಳಿಗೆ ಒರಳು, ಬೀಸುವ ಕಲ್ಲು, ಬಾವಿಕಟ್ಟೆಯ ಚಪ್ಪಡಿ, ಇಷ್ಟನ್ನು ಮಾಡಿಕೊಟ್ಟವರು. ಬಿಡುವಾದಾಗ ನಮ್ಮನ್ನು ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಕರೆದೊಯ್ದು, ಹೊಯ್ಸಳರ ಕಾಲದ ಹೊನೋಜನ ಕೆಲಸವನ್ನು ತೋರಿಸುತ್ತಿದ್ದರು. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ತಾಗಿದಂತೆಲ್ಲ ಗಟ್ಟಿಯಾಗುತ್ತದೆ, ತಡಮಾಡಿದವನಿಗೆ ಒಲಿಯದು ಎನ್ನುವರು. ತಮ್ಮ ಪಾಲಿಗೆ ಬಂದದ್ದು ಕಗ್ಗಲ್ಲು, ಅದಕ್ಕೆ ಯಾವ ಅವಸರವೂ ಇಲ್ಲವೆಂದು ನಗುವರು.

ನಮ್ಮನ್ನು ಕಾಲೇಜಿನಲ್ಲಿ ಓದಿಸಿದ್ದು ಆ ಒರಳುಗಳ ಕೂಲಿ. ನಮ್ಮ ಕೈಗೆ ಅವರು ಉಳಿ ಕೊಡಲಿಲ್ಲ, ಪುಸ್ತಕ ಕೊಟ್ಟರು. ತೆಂಗಿನಕಾಯಿ ರುಬ್ಬಿ ರುಬ್ಬಿ ಒಳಗೆಲ್ಲ ನುಣುಪಾದ ಅವರ ಒರಳುಗಳು ಎಷ್ಟೋ ಹಿತ್ತಿಲುಗಳಲ್ಲಿ ಇಂದಿಗೂ ಬಿದ್ದಿವೆ. ಒಂದರ ಮೇಲೂ ಹೆಸರಿಲ್ಲ. ಅಂಚಿನ ಸುತ್ತ ಒತ್ತೊತ್ತಾಗಿ ಬಿದ್ದ ಉಳಿಯೇಟಿನ ಸಾಲನ್ನು ಬೆರಳಿನಿಂದ ಮುಟ್ಟಿದರೆ, ಇದು ಅವರದೆಂದು ನಮಗೆ ತಿಳಿಯುತ್ತದೆ.