ಒಬ್ಬನೇ ಮಾರುವವನು, ಒಬ್ಬನೇ ಕೊಳ್ಳುವವನು

(ಗಿರಣಿ ಕಾರ್ಮಿಕರ ಹಾಗೂ ಚಿಲ್ಲರೆ ವ್ಯಾಪಾರಿಗಳ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ಇಂಗ್ಲಿಷಿನಲ್ಲಿ 'ಮೊನೊ' ಎಂದು ಆರಂಭವಾಗುವ ಶಬ್ದಗಳ ಒಂದು ಹಿಂಡೇ ಇದೆ. ಗ್ರೀಕರ 'ಮೊನೊಸ್' ಅದರ ಮೂಲ. ಒಂದೇ, ಒಂಟಿ ಎಂದು ಅರ್ಥ. ಒಬ್ಬನೇ ಆಳಿದರೆ ಮೊನಾರ್ಕ್, ಅಂದರೆ ಅರಸ. ಒಂಟಿಯಾಗಿ ಬಾಳಿದರೆ ಮಾಂಕ್, ಅಂದರೆ ಸನ್ಯಾಸಿ. ಒಂದೇ ಸ್ವರವನ್ನು ಎಳೆಯುತ್ತ ಹೋದರೆ ಮೊನಾಟನಿ; ಪಾಳಿಯುದ್ದಕ್ಕೂ ಮಗ್ಗದ ಸದ್ದು ಕೇಳುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬನೇ ಮಾತಾಡಿ ಉಳಿದವರು ಕೇಳುತ್ತ ಕುಳಿತರೆ ಮೊನೊಲಾಗ್. ಈಗ ಇಲ್ಲಿ ನಡೆದಿರುವದೂ ಅದೇ. ಆದರೆ ಅಂಥ ಸದ್ದು ಬಂದದ್ದೆಲ್ಲ ಈ ಮನೆತನದ್ದಲ್ಲ. ಮಾನ್ಸೂನ್ ಅರಬ್ಬಿಯಿಂದ ಬಂದದ್ದು, ಮನಿ ಎಂದರೆ ಹಣ ಲ್ಯಾಟಿನ್ನಿನಿಂದ ಬಂದದ್ದು. ಹಣವೂ ಕೊನೆಗೆ ಒಬ್ಬನ ಕೈಯನ್ನೇ ಸೇರುತ್ತದೆಂಬುದು ವ್ಯಾಕರಣದ ಮಾತಲ್ಲ.

ಇವುಗಳಲ್ಲಿ ನಮ್ಮ ನಿಮ್ಮ ಹೊಟ್ಟೆಗೆ ಸಂಬಂಧಿಸಿದ್ದು ಮೊನಾಪಲಿ. ಕನ್ನಡದಲ್ಲಿ ಏಕಸ್ವಾಮ್ಯ ಎನ್ನುತ್ತೇವೆ. ಕನ್ನಡದ ಶಬ್ದ ಒಡೆಯನನ್ನು ತೋರಿಸುತ್ತದೆ. ಗ್ರೀಕ್ ಶಬ್ದದ ಎರಡನೆಯ ಅರ್ಧಕ್ಕೆ 'ಮಾರು' ಎಂದು ಅರ್ಥ. ಅದು ಅಂಗಡಿಯನ್ನು ತೋರಿಸುತ್ತದೆ. ಈ ವಿಷಯದಲ್ಲಿ ಗ್ರೀಕರದೇ ಸರಿಯೆಂದು ನಮ್ಮ ಮತ. ವಸ್ತು ತನ್ನದಾಗಿರಲೇಬೇಕೆಂದಿಲ್ಲ, ಅದು ಸಿಗುವ ಬಾಗಿಲು ಒಂದೇ ಆದರೆ ಸಾಕು.

ಅರಿಸ್ಟಾಟಲ್ ತನ್ನ ರಾಜನೀತಿ ಗ್ರಂಥದಲ್ಲಿ ಥೇಲಿಸ್ ಎಂಬ ತತ್ವಜ್ಞಾನಿಯ ಕಥೆ ಹೇಳಿದ್ದಾನೆ. ಇಷ್ಟು ಓದಿಯೂ ಬಡವನೇ ಉಳಿದೆಯಲ್ಲ ಎಂದು ಜನ ಅವನನ್ನು ಹಂಗಿಸುತ್ತಿದ್ದರಂತೆ. ಮುಂದಿನ ವರ್ಷ ಆಲಿವ್ ಫಸಲು ಚೆನ್ನಾಗಿ ಬರುವದೆಂದು ಅವನು ನಕ್ಷತ್ರ ನೋಡಿ ತಿಳಿದ. ಚಳಿಗಾಲದಲ್ಲಿಯೇ, ಕೈಲಿದ್ದ ಅಲ್ಪ ಹಣವನ್ನು ಮುಂಗಡ ಕೊಟ್ಟು, ಮಿಲೆಟಸ್ ಮತ್ತು ಕಿಯೋಸ್ ಊರುಗಳ ಎಣ್ಣೆ ಗಾಣಗಳನ್ನೆಲ್ಲ ಬಾಡಿಗೆಗೆ ಹಿಡಿದ. ಸ್ಪರ್ಧಿಗಳಿರಲಿಲ್ಲ, ಅಗ್ಗಕ್ಕೆ ಸಿಕ್ಕವು. ಸುಗ್ಗಿ ಬಂತು, ಎಲ್ಲರಿಗೂ ಒಮ್ಮೆಲೇ ಗಾಣ ಬೇಕು, ಅವನು ಹೇಳಿದ್ದೇ ಬಾಡಿಗೆ. ಗಮನಿಸಿರಿ, ಒಂದು ಗಾಣವೂ ಅವನದಲ್ಲ. ಮುಂಗಡ ಕೊಟ್ಟು ಬೀಗದ ಕೈ ಹಿಡಿದಿದ್ದನಷ್ಟೆ.

ರೋಮಿನ ಚಕ್ರವರ್ತಿ ಟೈಬೀರಿಯಸ್ ತನ್ನ ಸೆನೆಟ್ಟಿನಲ್ಲಿ ಈ ಶಬ್ದವನ್ನು ಬಳಸುವ ಮುಂಚೆ ಪರಭಾಷೆಯ ಶಬ್ದವೆಂದು ಸಭೆಯ ಕ್ಷಮೆ ಕೇಳಿದನಂತೆ. ದೊಡ್ಡವರಿಗೆ ಮುಜುಗರವಾಗುವದು ಶಬ್ದಕ್ಕೆ, ಸಂಗತಿಗಲ್ಲ.

ಇಂಗ್ಲೆಂಡಿನ ರಾಣಿ ಮೊದಲನೆಯ ಎಲಿಜಬೆತ್‌ಳಿಗೆ ಅಂಥ ಮುಜುಗರವೂ ಇರಲಿಲ್ಲ. ಉಪ್ಪು, ಬಟ್ಟೆಯ ಗಂಜಿ, ಇಸ್ಪೀಟಿನ ಎಲೆ, ಹೀಗೆ ಒಂದೊಂದನ್ನೂ ಒಬ್ಬೊಬ್ಬ ಆಸ್ಥಾನಿಕನಿಗೆ ಸನದು ಬರೆದುಕೊಟ್ಟಳು. 1601ರ ಪಾರ್ಲಿಮೆಂಟಿನಲ್ಲಿ ಆ ಪಟ್ಟಿಯನ್ನು ಓದುವಾಗ ಒಬ್ಬ ಸದಸ್ಯ ಎದ್ದುನಿಂತು, ರೊಟ್ಟಿಯ ಹೆಸರು ಇದರಲ್ಲಿ ಬರಲಿಲ್ಲವೇ ಎಂದು ಕೇಳಿದ. 1624ರಲ್ಲಿ ಇಂಥ ಸನದುಗಳನ್ನು ರದ್ದು ಮಾಡುವ ಕಾಯ್ದೆಯಾಯಿತು. ಆದರೆ ವ್ಯಾಪಾರಿ ಕಂಪನಿಗಳನ್ನು ಅದರಿಂದ ಹೊರಗಿಟ್ಟರು. ಹೀಗಾಗಿ 1600ರ ಡಿಸೆಂಬರ್ 31ರಂದು ಸನದು ಪಡೆದ ಈಸ್ಟ್ ಇಂಡಿಯಾ ಕಂಪನಿ ಬದುಕಿಕೊಂಡಿತು. ಭಾರತದ ವ್ಯಾಪಾರದ ಮೇಲಿನ ಅದರ ಏಕಸ್ವಾಮ್ಯ ಹೋದದ್ದು 1813ರಲ್ಲಿ, ಚೀನದ್ದು 1833ರಲ್ಲಿ.

ಈ ಕಂಪನಿಗೆ ಎರಡು ಮುಖಗಳಿದ್ದವು. ಲಂಡನ್ನಿನಲ್ಲಿ ಅದು ಒಬ್ಬನೇ ಮಾರುವವನು. ಬಂಗಾಳದಲ್ಲಿ ಅದು ಒಬ್ಬನೇ ಕೊಳ್ಳುವವನು. ಕಂಪನಿಯ ಗುಮಾಸ್ತ ನೇಕಾರನ ಮನೆಗೆ ಬಂದು ಮುಂಗಡ ತುರುಕುವನು. ಆ ಮುಂಗಡ ಕೈ ಮುಟ್ಟಿದ ಮೇಲೆ ಬೇರೆಯವರಿಗೆ ಒಂದು ತುಂಡು ಬಟ್ಟೆ ಮಾರಿದರೂ ಪೆಟ್ಟು ಬೀಳುತ್ತಿತ್ತು. ಕಂಪನಿಯಲ್ಲಿಯೇ ದುಡಿದು ಅದರೊಡನೆ ಜಗಳಾಡಿ ಹೊರಬಿದ್ದ ವಿಲಿಯಂ ಬೋಲ್ಟ್ಸ್ ಎಂಬವನು 1772ರ ತನ್ನ ಪುಸ್ತಕದಲ್ಲಿ ಲೆಕ್ಕ ಕೊಟ್ಟಿದ್ದಾನೆ: ಅದೇ ಬಟ್ಟೆ ಬಜಾರಿನಲ್ಲಿ ತರುತ್ತಿದ್ದ ಬೆಲೆಗಿಂತ ಗುಮಾಸ್ತರ ದರ ಶೇಕಡಾ 15ರಷ್ಟಾದರೂ ಕಡಿಮೆ, ಕೆಲವು ಕಡೆ ಶೇಕಡಾ 40ರಷ್ಟು ಕಡಿಮೆ. ನೇಕಾರನ ಬಾಯಿಂದ ಹೋದ ತುತ್ತು ಇದು.

ಸೋಜಿಗವೆಂದರೆ ಒಬ್ಬನೇ ಮಾರುವವನಿಗೆ ಹೆಸರಿದ್ದ ಇಂಗ್ಲಿಷಿನಲ್ಲಿ ಒಬ್ಬನೇ ಕೊಳ್ಳುವವನಿಗೆ ಬಹುಕಾಲ ಹೆಸರಿರಲಿಲ್ಲ. 1933ರಲ್ಲಿ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ ಅವರು ಗ್ರೀಕ್ ಬಲ್ಲ ವಿದ್ವಾಂಸರೊಬ್ಬರ ನೆರವಿನಿಂದ 'ಮೊನಾಪ್ಸನಿ' ಎಂಬ ಹೊಸ ಶಬ್ದವನ್ನು ಬಳಕೆಗೆ ತಂದರು. ಗಿರಾಕಿಯಾಗಿ ಪೇಟೆಗೆ ಹೋಗುವವರಿಗೆ ಮಾರುವವನು ಕಾಣುತ್ತಾನೆ. ಬಟ್ಟೆ, ಹತ್ತಿ, ರಟ್ಟೆಯ ಬಲ ಇವನ್ನು ಮಾರಲು ಹೋಗುವವರಿಗೆ ಮಾತ್ರ ಕೊಳ್ಳುವವನು ಕಾಣುತ್ತಾನೆ. ನಿಘಂಟು ಬರೆದವರು ಯಾವ ಸಾಲಿನಲ್ಲಿ ನಿಂತಿದ್ದರೆಂಬುದು ಇದರಿಂದ ತಿಳಿಯುತ್ತದೆ.

ಒಂದೇ ಗಿರಣಿಯಿರುವ ಊರನ್ನು ಊಹಿಸಿರಿ. ಅಲ್ಲಿ ದುಡಿಮೆಯನ್ನು ಕೊಳ್ಳುವವನು ಒಬ್ಬನೇ. ಕೂಲಿ ಏರಿಸಿದರೆ ಕೆಲಸ ಕಡಿಮೆಯಾಗುತ್ತದೆಂದು ಮಾಲಕರು ಹೇಳುವದನ್ನು ನೀವೆಲ್ಲ ಕೇಳಿದ್ದೀರಿ. ಹತ್ತಾರು ಮಾಲಕರು ಪೈಪೋಟಿಯಲ್ಲಿರುವ ಕಡೆ ಆ ಮಾತಿನಲ್ಲಿ ಸ್ವಲ್ಪ ಹುರುಳಿರಬಹುದು. ಆದರೆ ಒಬ್ಬನೇ ಕೊಳ್ಳುವವನಿರುವಲ್ಲಿ ಲೆಕ್ಕವೇ ಬೇರೆ ಎಂದು ರಾಬಿನ್ಸನ್ ತೋರಿಸಿದರು. ಅವನು ಇನ್ನೊಬ್ಬ ಆಳನ್ನು ತರಬೇಕಾದರೆ ಹೆಚ್ಚು ಕೂಲಿ ಕೊಡಬೇಕು. ಹಾಗೆ ಕೊಟ್ಟರೆ ಒಳಗಿರುವವರಿಗೂ ಏರಿಸಬೇಕು. ಆದ್ದರಿಂದ ಆಳನ್ನೂ ಕಡಿಮೆ ಇಡುತ್ತಾನೆ, ಕೂಲಿಯನ್ನೂ ಕಡಿಮೆ ಇಡುತ್ತಾನೆ. ಕಾಯ್ದೆಯಿಂದಲೋ ಸಂಘದ ಒಪ್ಪಂದದಿಂದಲೋ ಎಲ್ಲರಿಗೂ ಒಂದು ದರ ಗಟ್ಟಿಯಾದರೆ ಆ ಭಯಕ್ಕೆ ಕಾರಣವಿಲ್ಲ. ದರ ಮಿತಿಯಲ್ಲಿದ್ದರೆ ಕೂಲಿಯೂ ಏರೀತು, ಆಳೂ ಹೆಚ್ಚೀತು. ಮುಂದಿನ ಮಾತುಕತೆಗೆ ಕೂಡುವವರು ಇದನ್ನು ಚೆನ್ನಾಗಿ ತಿಳಿದುಕೊಂಡು ಹೋಗಬೇಕು.

ವ್ಯಾಪಾರಿ ಬಂಧುಗಳ ಪಾಡು ಎರಡು ಬಾಗಿಲುಗಳ ನಡುವೆ ಬೆರಳು ಸಿಕ್ಕಂತೆ. ಮಾಲು ಕೊಡುವ ಒಬ್ಬನೇ ಏಜೆಂಟ ಹೇಳಿದ ದರಕ್ಕೆ ತರಬೇಕು. ಕಡಿಮೆ ಕೂಲಿಯ ಗಿರಾಕಿಗೆ ಉದ್ದರಿ ಕೊಡಬೇಕು.

ಕಾಯ್ದೆಯ ಮಾತನ್ನೂ ಹೇಳಿಬಿಡುವೆವು. ನಮ್ಮ ದೇಶದಲ್ಲಿ 1969ರಲ್ಲಿ ಏಕಸ್ವಾಮ್ಯದ ವಿರುದ್ಧ ಕಾಯ್ದೆ ಬಂತು. 2009ರಲ್ಲಿ ಅದು ಹೋಯಿತು. ಅದರ ಜಾಗದಲ್ಲಿರುವದು 2002ರ ಸ್ಪರ್ಧಾ ಕಾಯ್ದೆ. ಇದು ದೊಡ್ಡವನಾಗುವದನ್ನು ತಪ್ಪೆನ್ನುವದಿಲ್ಲ, ದೊಡ್ಡತನದ ದುರುಪಯೋಗವನ್ನು ಮಾತ್ರ ತಪ್ಪೆನ್ನುತ್ತದೆ. ಇದು ನಮಗೆ ಸಾಲದು. ಆದರೂ ಅದರ 4ನೆಯ ಕಲಮಿನಲ್ಲಿ ಮಾರಾಟದ ದರವಷ್ಟೇ ಅಲ್ಲ, ಖರೀದಿಯ ಅನ್ಯಾಯದ ದರವೂ ಸೇರಿದೆ. 19ನೆಯ ಕಲಮಿನಂತೆ ಯಾರೇ ಆಗಲಿ, ವ್ಯಾಪಾರಿಗಳ ಸಂಘವೂ ಕೂಡ, ಸ್ಪರ್ಧಾ ಆಯೋಗಕ್ಕೆ ದೂರು ಒಯ್ಯಬಹುದು. ಪೇಟೆಯ ಸಂಘದ ಕಾರ್ಯದರ್ಶಿಗಳು ಇಲ್ಲಿಯೇ ಕುಳಿತಿದ್ದಾರೆ. ಸಭೆ ಮುಗಿದ ಮೇಲೆ ಆ ಎರಡು ಕಲಮುಗಳನ್ನು ಅವರೊಡನೆ ಕುಳಿತು ಓದುವೆವು, ಬೇಕಾದವರು ನಿಲ್ಲಿರಿ.