ಸೋಲಿಗಾಗಿ ಹಾರೈಸಿದ ಊರು



2015ರ ಡಿಸೆಂಬರ್ 1ರ ರಾತ್ರಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯಿತು. ಊರಿನ ತಂಡ ಅದಕ್ಕೆ ಮುನ್ನ ಸತತವಾಗಿ 28 ಪಂದ್ಯಗಳನ್ನು ಸೋತಿತ್ತು. ಹಿಂದಿನ ಋತುವಿನ ಕೊನೆಯ ಹತ್ತು, ಆ ಋತುವಿನ ಮೊದಲ ಹದಿನೆಂಟು. ಎದುರಾಳಿ ಲಾಸ್ ಏಂಜಲೀಸ್ ಲೇಕರ್ಸ್ ತಂಡ. ಅದರ ತಾರೆ ಕೋಬಿ ಬ್ರಯಂಟ್ ಎರಡು ದಿನಗಳ ಹಿಂದಷ್ಟೇ ನಿವೃತ್ತಿ ಪ್ರಕಟಿಸಿದ್ದರು. ಫಿಲಡೆಲ್ಫಿಯಾ ಅವರ ಹುಟ್ಟೂರು. ಅಲ್ಲಿ ಅವರ ಕಡೆಯ ಆಟ ನೋಡಲು ಜನ ನೆರೆದಿದ್ದರು. ಅಂಥ ರಾತ್ರಿ, ಸೋತು ಸುಣ್ಣವಾಗಿದ್ದ ಊರಿನ ತಂಡ 103–91ರಲ್ಲಿ ಗೆದ್ದುಬಿಟ್ಟಿತು.

ಸಂಭ್ರಮವೇನೋ ಆಯಿತು. ಆದರೆ ಲೆಕ್ಕ ಬಲ್ಲ ಅಭಿಮಾನಿಗೆ ಆ ಗೆಲುವು ಎರಡು ಬಗೆಯಲ್ಲಿ ನಷ್ಟ. ತನ್ನ ತಂಡ ಒಂದು ಪಂದ್ಯ ಹೆಚ್ಚು ಗೆದ್ದದ್ದು ಮೊದಲ ನಷ್ಟ. ಲೇಕರ್ಸ್ ಒಂದು ಪಂದ್ಯ ಹೆಚ್ಚು ಸೋತದ್ದು ಎರಡನೆಯದು. ಇದೆಂಥ ತಲೆಕೆಳಗಾದ ಲೆಕ್ಕ ಎಂದು ನಿಮಗೆ ಅನ್ನಿಸುವುದು ಸಹಜ. ಈ ಸಂಜೆ ನಾನು ಹೇಳಹೊರಟಿರುವುದು ಅದರ ಕಥೆಯನ್ನೇ.

ತಂಡದ ಹೆಸರು ಸೆವೆಂಟಿ ಸಿಕ್ಸರ್ಸ್. ನಮ್ಮ ಕ್ರಿಕೆಟ್ಟಿನ ಸಿಕ್ಸರ್‌ಗೂ ಅದಕ್ಕೂ ಸಂಬಂಧವಿಲ್ಲ; ಅಮೆರಿಕದ ಸ್ವಾತಂತ್ರ್ಯ ಘೋಷಣೆ 1776ರಲ್ಲಿ ಆ ಊರಿನಲ್ಲಿ ಆಯಿತು, ಅದರ ಎಪ್ಪತ್ತಾರು ಇದು. ಜನ ಚುಟುಕಾಗಿ ಸಿಕ್ಸರ್ಸ್ ಎನ್ನುತ್ತಾರೆ. ಅದು ಆಡುವುದು ಎನ್‌ಬಿಎ ಎಂಬ ವೃತ್ತಿಪರ ಲೀಗಿನಲ್ಲಿ. ಮೂವತ್ತು ತಂಡಗಳು, ಒಂದೊಂದಕ್ಕೆ ಋತುವಿಗೆ 82 ಪಂದ್ಯ.

ಈ ಲೀಗಿಗೆ ಹೊಸ ಆಟಗಾರರು ಬರುವ ಬಗೆಯೇ ಬೇರೆ. ಹುಡುಗ ತನಗಿಷ್ಟವಾದ ತಂಡ ಸೇರುವಂತಿಲ್ಲ. ವರ್ಷಕ್ಕೊಮ್ಮೆ 'ಡ್ರಾಫ್ಟ್' ನಡೆಯುತ್ತದೆ; ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ. ಹೆಚ್ಚು ಸೋತ ತಂಡಗಳಿಗೆ ಮುಂಚಿನ ಸರದಿ. ಬಲಾಢ್ಯರೇ ಸದಾ ಬಲಾಢ್ಯರಾಗಿ ಉಳಿಯಬಾರದು ಎಂಬ ನ್ಯಾಯ ಇದರ ಹಿಂದಿದೆ. ನಮ್ಮ ರಣಜಿ ಟ್ರೋಫಿಯಲ್ಲಿ ಇಂಥ ಏರ್ಪಾಡಿಲ್ಲ. ಅಲ್ಲಿ ಬೊಂಬಾಯಿ 1958–59ರಿಂದ ಸತತ ಹದಿನೈದು ವರ್ಷ ಗೆದ್ದಿತು. 1973–74ರಲ್ಲಿ ಕರ್ನಾಟಕ ಆ ಸರಪಳಿಯನ್ನು ಕಡಿದದ್ದು ಆಡಿಯೇ ಹೊರತು, ಯಾರೂ ಸರದಿ ಬಿಟ್ಟುಕೊಟ್ಟದ್ದರಿಂದ ಅಲ್ಲ.

ಸೋತವನಿಗೆ ಬಹುಮಾನ ಕೊಟ್ಟರೆ ಬೇಕೆಂದೇ ಸೋಲುವವರು ಹುಟ್ಟಿಕೊಳ್ಳುತ್ತಾರೆ. 1983–84ರಲ್ಲಿ ಹ್ಯೂಸ್ಟನ್ ತಂಡದ ಮೇಲೆ ಆ ಗುಮಾನಿ ಬಂತು. ಮರುವರ್ಷವೇ, 1985ರಲ್ಲಿ, ಲೀಗು ಲಾಟರಿ ತಂದಿತು. ಅಂದರೆ ಕಡೆಯ ಸ್ಥಾನ ಬಂದ ಮಾತ್ರಕ್ಕೆ ಮೊದಲ ಸರದಿ ಖಾತ್ರಿಯಲ್ಲ, ಚೀಟಿ ಎತ್ತಬೇಕು. 1990ರಿಂದ, ಹೆಚ್ಚು ಸೋತವರ ಹೆಸರಿನಲ್ಲಿ ಹೆಚ್ಚು ಚೀಟಿ ಎಂದಾಯಿತು. ನಾನು ಹೇಳುತ್ತಿರುವ ಕಾಲಕ್ಕೆ ಎಲ್ಲರಿಗಿಂತ ಕೆಟ್ಟ ತಂಡಕ್ಕೆ ಮೊದಲ ಸರದಿ ಸಿಗುವ ಅವಕಾಶ ನೂರಕ್ಕೆ ಇಪ್ಪತ್ತೈದು. ಇನ್ನೊಂದು ಸಂಗತಿ: ಈ ಸರದಿಗಳನ್ನು ತಂಡಗಳು ತಮ್ಮತಮ್ಮಲ್ಲಿ ಕೊಟ್ಟು ಕೊಳ್ಳಬಹುದು, ಮುಂದಿನ ವರ್ಷಗಳ ಸರದಿಯನ್ನು ಸಹ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದಷ್ಟೇ ಅಲ್ಲ, ಆ ಕುಲಾವಿಯನ್ನು ಮಾರಲೂಬಹುದು.

ಸಿಕ್ಸರ್ಸ್ ಈ ದಾರಿ ಹಿಡಿದದ್ದು 2013ರಲ್ಲಿ. ಹಿಂದಿನ ಬೇಸಿಗೆಯಲ್ಲಿ ಅವರು ದೊಡ್ಡ ಬೆಲೆ ತೆತ್ತು ಆಂಡ್ರೂ ಬೈನಮ್ ಎಂಬ ದೈತ್ಯನನ್ನು ತಂದಿದ್ದರು. ಮಂಡಿನೋವಿನಿಂದ ಬೈನಮ್ ಒಂದು ಪಂದ್ಯವನ್ನೂ ಆಡಲಿಲ್ಲ. ತಂಡ 34 ಗೆದ್ದು 48 ಸೋತಿತು. ಪ್ರಶಸ್ತಿಗೆ ದೂರ, ಒಳ್ಳೆಯ ಸರದಿಗೂ ದೂರ. ಅತ್ತ ದರಿ, ಇತ್ತ ಪುಲಿ. ಆಗ ಬಂದವರು ಸ್ಯಾಮ್ ಹಿಂಕಿ, ಅಂಕಿಅಂಶದ ಮನುಷ್ಯ. ಡ್ರಾಫ್ಟ್ ರಾತ್ರಿಯೇ ಅವರು ತಂಡದ ಅತ್ಯುತ್ತಮ ಆಟಗಾರ, ಇನ್ನೂ ಇಪ್ಪತ್ಮೂರರ ಜ್ರೂ ಹಾಲಿಡೇಯನ್ನು ನ್ಯೂ ಆರ್ಲಿಯನ್ಸ್‌ಗೆ ಕೊಟ್ಟುಬಿಟ್ಟರು. ಬದಲಿಗೆ ಬಂದವರು ಮಂಡಿ ಶಸ್ತ್ರಚಿಕಿತ್ಸೆಯಾಗಿದ್ದ ನರ್ಲೆನ್ಸ್ ನೋಯೆಲ್ ಎಂಬ ಹುಡುಗ, ಜೊತೆಗೆ ಮರುವರ್ಷದ ಒಂದು ಸರದಿ. ಸೂಚನೆ ಸ್ಪಷ್ಟವಿತ್ತು: ಇಂದಿನದನ್ನು ಮಾರಿ ನಾಳೆಯದನ್ನು ಕೊಳ್ಳುವುದು.

ಮೂರು ಋತುಗಳ ಫಲ ಹೀಗಿದೆ: 19 ಗೆಲುವು, 18 ಗೆಲುವು, 10 ಗೆಲುವು. ಒಟ್ಟು 246 ಪಂದ್ಯಗಳಲ್ಲಿ 199 ಸೋಲು. ಮೊದಲ ಋತುವಿನಲ್ಲಿ ಸತತ 26 ಸೋತರು. ಇಷ್ಟೂ ಕಾಲ ಕೋಚ್ ಆಗಿದ್ದ ಬ್ರೆಟ್ ಬ್ರೌನ್ ಕೆಲಸ ಕಳೆದುಕೊಳ್ಳಲಿಲ್ಲ. ಅವರನ್ನು ಗೆಲ್ಲಲೆಂದು ಇಟ್ಟುಕೊಂಡಿರಲಿಲ್ಲವಲ್ಲ! ನನಗೆ ಆ ಮನುಷ್ಯನ ಬಗ್ಗೆ ಗೌರವವಿದೆ. ಪ್ರತಿ ಸೋಲಿನ ನಂತರ ಪತ್ರಕರ್ತರ ಮುಂದೆ ಬಂದು ನಿಲ್ಲಬೇಕಾದವರು ಅವರು. ಯೋಜನೆ ಹಾಕಿದ ಹಿಂಕಿ ಮಾತನಾಡುತ್ತಿದ್ದುದೇ ಅಪರೂಪ.

ಊರು ಎರಡು ಪಂಗಡವಾಯಿತು. ಫಿಲಡೆಲ್ಫಿಯಾದಲ್ಲಿ ಹಗಲಿರುಳೂ ಕ್ರೀಡೆಯನ್ನೇ ಮಾತನಾಡುವ ರೇಡಿಯೋ ಕೇಂದ್ರವಿದೆ. ಜನ ಫೋನು ಮಾಡಿ ಜಗಳವಾಡುತ್ತಾರೆ. ನಮ್ಮ ಹೋಟೆಲು ಕಟ್ಟೆಯ ವಾಗ್ವಾದ ಗಾಳಿಯಲ್ಲಿ ಪ್ರಸಾರವಾದಂತೆ. ಒಂದು ಪಂಗಡದ ವಾದ: ಸಾಧಾರಣ ತಂಡವಾಗಿ ಇಪ್ಪತ್ತು ವರ್ಷ ಕೊಳೆಯುವುದಕ್ಕಿಂತ ಮೂರು ವರ್ಷ ಮುಳುಗಿ ಏಳುವುದು ಮೇಲು. ಇನ್ನೊಂದರ ವಾದ: ಟಿಕೆಟ್ಟಿಗೆ ದುಡ್ಡು ಕೊಟ್ಟವನಿಗೆ ಈ ಸಂಜೆಯ ಆಟ ಬೇಕು, 2019ರ ಆಟವಲ್ಲ. ಮೊದಲ ಪಂಗಡದವರು ಪ್ರತಿ ರಾತ್ರಿ ತಮ್ಮ ತಂಡದ ಸೋಲನ್ನೂ, ಹೊಸ ಹುಡುಗರ ಒಳ್ಳೆಯ ಆಟವನ್ನೂ ಒಟ್ಟಿಗೇ ಬಯಸಬೇಕಿತ್ತು. ಹುಡುಗರು ಚೆನ್ನಾಗಿ ಆಡಲಿ, ಆದರೆ ಕೊನೆಗೆ ಎರಡು ಅಂಕದಿಂದ ಸೋಲಲಿ! ಇದು ಮನಸ್ಸಿಗೆ ಸುಲಭದ ವ್ಯಾಯಾಮವಲ್ಲ.

ಈಗ ಆರಂಭದ ಒಗಟು ಬಿಡಿಸಬಹುದು. 2015ರ ಫೆಬ್ರವರಿಯಲ್ಲಿ ಹಿಂಕಿ ತಮ್ಮ ಮೈಕಲ್ ಕಾರ್ಟರ್-ವಿಲಿಯಮ್ಸ್‌ನನ್ನು, ಅಂದರೆ ಹಿಂದಿನ ವರ್ಷದ ಶ್ರೇಷ್ಠ ಹೊಸಬ ಎಂಬ ಪ್ರಶಸ್ತಿ ಪಡೆದ ಹುಡುಗನನ್ನು, ಕೊಟ್ಟು ಲೇಕರ್ಸ್ ತಂಡದ ಒಂದು ಸರದಿಯನ್ನು ಪಡೆದಿದ್ದರು. ಷರತ್ತು: 2016ರಲ್ಲಿ ಅದು ಮೊದಲ ಮೂರರೊಳಗೆ ಬಂದರೆ ಲೇಕರ್ಸ್ ಬಳಿಯೇ ಉಳಿಯುತ್ತದೆ. ಹಾಗಾಗಿ ಲೇಕರ್ಸ್ ತೀರ ಹೆಚ್ಚು ಸೋಲಬಾರದು, ತಾವು ಮಾತ್ರ ಸೋಲಬೇಕು. ಡಿಸೆಂಬರ್ 1ರಂದು ಎರಡೂ ಉಲ್ಟಾ ಆಯಿತು.

ಆದರೆ ನಿಜವಾದ ಜಗಳ ಚೀಟಿಯದಾಗಿರಲಿಲ್ಲ, ಅಂಕಣದ ಮೇಲೆ ನಿಲ್ಲುವ ಐದು ಮಂದಿಯದಾಗಿತ್ತು. ನನಗೆ ಸ್ವಾರಸ್ಯವೆನಿಸುವುದೂ ಇದೇ.

ಬ್ಯಾಸ್ಕೆಟ್‌ಬಾಲಿನಲ್ಲಿ ಬುಟ್ಟಿಯ ಬುಡದಲ್ಲಿ ನಿಲ್ಲುವ ಎತ್ತರದ ಆಳನ್ನು ಸೆಂಟರ್ ಎನ್ನುತ್ತಾರೆ. ಹಿಂಕಿ 2013ರಲ್ಲಿ ತಂದ ನೋಯೆಲ್ ಸೆಂಟರ್. 2014ರಲ್ಲಿ ಮೂರನೆಯ ಸರದಿಯಲ್ಲಿ ಆರಿಸಿದ, ಕ್ಯಾಮರೂನ್ ದೇಶದ ಜೋಯೆಲ್ ಎಂಬೀಡ್ ಸೆಂಟರ್. ಪಾದದ ಮೂಳೆ ಮುರಿದು ಆತ ಎರಡು ಋತು ಪೂರ್ತಿ ಹೊರಗುಳಿದ. 2015ರಲ್ಲಿ ಮತ್ತೆ ಮೂರನೆಯ ಸರದಿ, ಆರಿಸಿದ್ದು ಜಲೀಲ್ ಓಕಫರ್, ಆತನೂ ಸೆಂಟರ್! ಸಿಕ್ಕವರಲ್ಲಿ ಉತ್ತಮನನ್ನು ತೆಗೆದುಕೊ, ಜೋಡಣೆಯ ಮಾತು ಆಮೇಲೆ ಎಂಬುದು ಸಿದ್ಧಾಂತ. ಆದರೆ ಮನೆಗೆ ಮೂರು ತೊಲೆ ತಂದು ಒಂದು ಕಂಬವೂ ಇಲ್ಲದಿದ್ದರೆ ಸೂರು ನಿಲ್ಲುವುದೆಲ್ಲಿ?

2015–16ರಲ್ಲಿ ನೋಯೆಲ್, ಓಕಫರ್ ಇಬ್ಬರನ್ನೂ ಒಟ್ಟಿಗೆ ಇಳಿಸಿದರು. ಓಕಫರ್ ಬುಟ್ಟಿಗೆ ಬೆನ್ನು ಕೊಟ್ಟು ನಿಂತು, ತಿರುಗಿ ಅಂಕ ಗಳಿಸುವ ಹಳೆಯ ಶೈಲಿಯವನು. ಆ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 17.5 ಅಂಕ ಗಳಿಸಿದ. ಅವನಿಗೆ ಬುಟ್ಟಿಯ ಬಳಿ ಜಾಗ ಬೇಕು. ನೋಯೆಲ್‌ಗೆ ದೂರದಿಂದ ಎಸೆಯಲು ಬರುವುದಿಲ್ಲ, ಹಾಗಾಗಿ ಅವನನ್ನು ಕಾಯುವ ಎದುರಾಳಿಯೂ ಬುಟ್ಟಿಯ ಬಳಿಯೇ ಉಳಿಯುತ್ತಾನೆ. ಅಲ್ಲಿಗೆ ಓಕಫರ್‌ನ ಜಾಗ ಹೋಯಿತು. ಇತ್ತ ರಕ್ಷಣೆಯಲ್ಲಿ ಓಕಫರ್ ನಿಧಾನಿ. ಬುಟ್ಟಿ ಕಾಯುವುದರಲ್ಲಿ ನಿಪುಣನಾದ ನೋಯೆಲ್ ಚುರುಕಾದ ಆಳುಗಳ ಹಿಂದೆ ಹೊರಗೆ ಓಡಬೇಕಾಯಿತು. ಒಬ್ಬೊಬ್ಬರೇ ನಿಂತರೆ ಆಸ್ತಿ, ಇಬ್ಬರೂ ನಿಂತರೆ ಸಾಲ. ಆದರೂ ಇಬ್ಬರನ್ನೂ ಆಡಿಸಲೇಬೇಕು, ಕೂರಿಸಿದರೆ ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ ಎಂದು ಒಂದು ಪಂಗಡ. ಬೆಲೆಗಾಗಿ ಆಡಿಸಿದರೆ ಇಬ್ಬರೂ ಕೆಟ್ಟ ಆಟ ಕಲಿಯುತ್ತಾರೆ ಎಂದು ಇನ್ನೊಂದು.

ಇದಕ್ಕಿಂತ ದೊಡ್ಡ ಕೊರತೆ ಬೇರೆ ಇತ್ತು. ಚೆಂಡನ್ನು ನಡೆಸಿಕೊಂಡು ಬಂದು, ಸಮಯಕ್ಕೆ ಸರಿಯಾಗಿ ಕೈಗೆ ಇಡುವ ಪಾಯಿಂಟ್ ಗಾರ್ಡ್ ತಂಡದಲ್ಲಿ ಸರಿಯಾಗಿರಲಿಲ್ಲ. ಹಿಂದಿನ ಋತುವಿನ ಕೊನೆಗೆ ಇಷ್ ಸ್ಮಿತ್ ಎಂಬ ಊರೂರು ಅಲೆದ ಆಟಗಾರ ಆ ಕೆಲಸ ಚೆನ್ನಾಗಿಯೇ ಮಾಡಿದ್ದರು. ಅವರನ್ನು ಬೇಸಿಗೆಯಲ್ಲಿ ಬಿಟ್ಟುಬಿಟ್ಟಿದ್ದರು. ಅವರಿಗೆ ವಯಸ್ಸಾಗುತ್ತಿದೆ, ನಾಳೆಯ ಲೆಕ್ಕದಲ್ಲಿ ಅವರಿಲ್ಲ. ಹೊಸ ಋತುವಿನ ಮೊದಲ 31 ಪಂದ್ಯಗಳಲ್ಲಿ ತಂಡ ಗೆದ್ದದ್ದು ಒಂದೇ ಒಂದು, ಆ ಕೋಬಿ ರಾತ್ರಿಯದು. ಕ್ರಿಸ್ಮಸ್ ಹಿಂದಿನ ದಿನ ಎರಡು ಸರದಿಗಳನ್ನು ತೆತ್ತು ಅದೇ ಸ್ಮಿತ್‌ರನ್ನು ಮರಳಿ ತಂದರು. ಕೈಯಲ್ಲಿ ಬೆಣ್ಣೆ ಹಿಡಿದು ತುಪ್ಪಕ್ಕೆ ಅಲೆದವರ ಕಥೆ. ಉಳಿದ 51ರಲ್ಲಿ ಒಂಬತ್ತು ಗೆದ್ದರು. ಅದೇನೂ ಹೆಮ್ಮೆಯ ಅಂಕಿಯಲ್ಲ. ಆದರೆ ಎತ್ತರದ ಹುಡುಗರಿಗೆ ಸರಿಯಾದ ಜಾಗದಲ್ಲಿ ಚೆಂಡು ಸಿಗತೊಡಗಿತು, ಆಟ ಆಟದಂತೆ ಕಾಣತೊಡಗಿತು.

ನಾನು ಯೋಜನೆಯ ಪರವಾಗಿಯೇ ವಾದಿಸುತ್ತಿದ್ದವನು. ನಿಯಮವೇ ಸೋತವರಿಗೆ ಬಹುಮಾನ ಇಟ್ಟಿರುವಾಗ, ಅದನ್ನು ಪಡೆಯುವವನನ್ನು ಬೈದೇನು ಫಲ ಎನ್ನುತ್ತಿದ್ದೆ. ಇಂದಿಗೂ ಆ ಅರ್ಧವನ್ನು ಒಪ್ಪುತ್ತೇನೆ. ನನ್ನ ಮನಸ್ಸು ಬದಲಾಯಿಸಿದ್ದು ಆ 31 ಪಂದ್ಯಗಳು. ಹತ್ತೊಂಬತ್ತು ಇಪ್ಪತ್ತರ ಹುಡುಗರ ಪಾಲಿಗೆ ಆ ರಾತ್ರಿಗಳು ತಾಲೀಮಲ್ಲ, ಅವರ ವೃತ್ತಿಯ ಮೊದಲ ವರ್ಷಗಳು. ಮಾಲೀಕನ ಲೆಕ್ಕಪುಸ್ತಕ ಐದು ವರ್ಷ ಕಾಯಬಲ್ಲದು. ಹುಡುಗನ ಮಂಡಿ ಕಾಯುವುದಿಲ್ಲ, ಆತ್ಮವಿಶ್ವಾಸವೂ ಕಾಯುವುದಿಲ್ಲ. ಹೇಳಿಕೊಡುವ ಹಿರಿಯರು ಆ ತಂಡದಲ್ಲಿ ಬೆರಳೆಣಿಕೆ. 2016ರ ಜನವರಿಯಲ್ಲಿ 36 ವರ್ಷದ ಎಲ್ಟನ್ ಬ್ರ್ಯಾಂಡ್‌ರನ್ನು ಕರೆತಂದದ್ದು ಮುಖ್ಯವಾಗಿ ಹುಡುಗರ ಜೊತೆಗಿರಲೆಂದು. ಎಳೆಯರನ್ನು ಬೆಳೆಸಲು ಜೊತೆಗೆ ಬಲ್ಲವನೊಬ್ಬ ಬೇಕು ಎಂಬುದನ್ನು ನಮ್ಮ ಮೇಳದ ಭಾಗವತರೂ ಹೇಳಿಯಾರು. ಫಿಲಡೆಲ್ಫಿಯಾದ ಕೇಳುಗರೂ ಫೋನಿನಲ್ಲಿ ಒಂದೂವರೆ ವರ್ಷದಿಂದ ಅದನ್ನೇ ಕಿರುಚುತ್ತಿದ್ದರು.

2016ರ ಏಪ್ರಿಲ್‌ನಲ್ಲಿ ಹಿಂಕಿ ರಾಜೀನಾಮೆ ಕೊಟ್ಟರು. ಹದಿಮೂರು ಪುಟದ ಪತ್ರ! ಅದರಲ್ಲಿ ಭಾರತೀಯ ಮೂಲದ ಶಸ್ತ್ರವೈದ್ಯ, ಲೇಖಕ ಅತುಲ್ ಗವಾಂಡೆಯವರ ಪ್ರಸ್ತಾಪವಿದೆ, ನ್ಯೂಜಿಲೆಂಡಿನಲ್ಲಿ ಅಳಿದುಹೋದ ಮೋವಾ ಎಂಬ ಹಾರದ ಹಕ್ಕಿಯಿದೆ. ಮರುತಿಂಗಳ ಲಾಟರಿಯಲ್ಲಿ ತಂಡಕ್ಕೆ ಮೊದಲ ಸರದಿ ಬಂತು. ಬಿತ್ತಿದವನು ಹೊಲ ಬಿಟ್ಟ ಮೇಲೆ ಮಳೆ ಬಂದಂತೆ. ಆ ಸರದಿಯಲ್ಲಿ ಬಂದವರು ಬೆನ್ ಸಿಮನ್ಸ್. ಅದೇ ಶರತ್ಕಾಲದಲ್ಲಿ ಎಂಬೀಡ್ ಕೊನೆಗೂ ಅಂಕಣಕ್ಕಿಳಿದರು. 31 ಪಂದ್ಯ, ಪಂದ್ಯಕ್ಕೆ ಸುಮಾರು 25 ನಿಮಿಷ, ಸರಾಸರಿ 20.2 ಅಂಕ. ಮೂವರು ಸೆಂಟರ್‌ಗಳ ಚರ್ಚೆ ಅಲ್ಲಿಗೆ ಮುಗಿಯಿತು. ನೋಯೆಲ್ 2017ರ ಫೆಬ್ರವರಿಯಲ್ಲಿ, ಓಕಫರ್ ಡಿಸೆಂಬರ್‌ನಲ್ಲಿ ಬೇರೆ ತಂಡಗಳಿಗೆ ಹೋದರು. ಬೆಲೆ ಉಳಿಸಲೆಂದು ಆಡಿಸಿದವರಿಗೆ ಹೇಳಿಕೊಳ್ಳುವ ಬೆಲೆಯೇನೂ ಬರಲಿಲ್ಲ.

ಎಂಬೀಡ್ ಫ್ರೀ ಥ್ರೋ ಗೆರೆಯ ಬಳಿ ನಿಂತರೆ ಸಾವಿರಾರು ಕಂಠಗಳು 'ಪ್ರಕ್ರಿಯೆಯನ್ನು ನಂಬಿ' ಎಂದು ಕೂಗುತ್ತಿದ್ದವು. ಗೇಲಿಯಾಗಿದ್ದ ಮಾತು ಘೋಷಣೆಯಾಯಿತು. ಎಂಬೀಡ್ ತಮ್ಮ ಅಡ್ಡಹೆಸರನ್ನೇ 'ಪ್ರಕ್ರಿಯೆ' ಎಂದಿಟ್ಟುಕೊಂಡರು. 2017–18ರಲ್ಲಿ ತಂಡ 52 ಗೆದ್ದಿತು. 2019ರಲ್ಲಿ ಟೊರಾಂಟೊ ವಿರುದ್ಧದ ಏಳನೆಯ ಪಂದ್ಯದ ಕಡೆಯ ಕ್ಷಣ ಎದುರಾಳಿ ಕವೈ ಲೆನರ್ಡ್ ಎಸೆದ ಚೆಂಡು ಬುಟ್ಟಿಯ ಅಂಚಿನ ಮೇಲೆ ನಾಲ್ಕು ಬಾರಿ ಪುಟಿದು ಒಳಗೆ ಬಿತ್ತು. ಆರು ವರ್ಷದ ಯೋಜನೆ ಆ ನಾಲ್ಕು ಪುಟಿತಗಳಲ್ಲಿ ತೂಗಿ ಕೆಳಗಿಳಿಯಿತು. 2023ರಲ್ಲಿ ಎಂಬೀಡ್ ಲೀಗಿನ ಶ್ರೇಷ್ಠ ಆಟಗಾರರೆನಿಸಿದರು; ಆದರೆ 2018ರಿಂದ 2024ರವರೆಗೆ ತಂಡ ಒಮ್ಮೆಯೂ ಎರಡನೆಯ ಸುತ್ತು ದಾಟಲಿಲ್ಲ. ಮೊದಲೇ ಮಾರಿಬಿಟ್ಟ ಜ್ರೂ ಹಾಲಿಡೇ 2021ರಲ್ಲಿ ಮಿಲ್ವಾಕಿ ಜೊತೆ, 2024ರಲ್ಲಿ ಬೋಸ್ಟನ್ ಜೊತೆ ಪ್ರಶಸ್ತಿ ಗೆದ್ದರು.

ಹಾಗೆಂದು ಸೋತು ಕಟ್ಟುವುದೇ ಸುಳ್ಳು ಎನ್ನಲಾಗದು. ಓಕ್ಲಹೋಮ ಸಿಟಿ ತಂಡ 2021–22ರಲ್ಲಿ 24 ಗೆದ್ದು 58 ಸೋತಿತ್ತು, 2025ರಲ್ಲಿ ಚಾಂಪಿಯನ್. ಆ ತಂಡದ ಬಳಿ ಶೇ ಗಿಲ್ಜಸ್-ಅಲೆಕ್ಸಾಂಡರ್ ಎಂಬ ಚೆಂಡು ನಡೆಸಬಲ್ಲ ಗಾರ್ಡ್ ಸೋಲಿನ ದಿನಗಳಲ್ಲೂ ಇದ್ದರು, ಅವರನ್ನು ಮಾರಲಿಲ್ಲ. ಇನ್ನು ಲೀಗು ಕೂಡ ಸುಮ್ಮನಿರಲಿಲ್ಲ. 2014ರಲ್ಲಿ ಲಾಟರಿ ತಿದ್ದಲು ಹೊರಟಾಗ ಹದಿನೇಳು ಮತ ಪರ, ಹದಿಮೂರು ವಿರುದ್ಧ ಬಂದು, ಬೇಕಿದ್ದ ಇಪ್ಪತ್ಮೂರು ಸಿಗದೆ ಬಿದ್ದುಹೋಗಿತ್ತು. 2019ರಿಂದ ತೀರ ಕೆಟ್ಟ ಮೂರು ತಂಡಗಳಿಗೂ ಸಮನಾಗಿ ನೂರಕ್ಕೆ ಹದಿನಾಲ್ಕು ಎಂದಾಯಿತು.

ಆ ಕತ್ತಲ ವರ್ಷಗಳಿಂದ ಊರು ಪ್ರೀತಿಯಿಂದ ನೆನೆಯುವವರಲ್ಲಿ ಟಿ.ಜೆ. ಮೆಕಾನಲ್ ಒಬ್ಬರು. ಕುಳ್ಳಗಿನ ಗಾರ್ಡ್, ಡ್ರಾಫ್ಟಿನಲ್ಲಿ ಯಾರೂ ಆರಿಸದ ಆಟಗಾರ, ಯಾವ ಸರದಿಯ ಲೆಕ್ಕಕ್ಕೂ ಸೇರದೆ 2015ರಲ್ಲಿ ಬಂದವರು. 2017ರ ಜನವರಿಯಲ್ಲಿ ನ್ಯೂಯಾರ್ಕ್ ವಿರುದ್ಧ ಕಡೆಯ ಕ್ಷಣದಲ್ಲಿ ಚೆಂಡು ಹಾಕಿ 98–97ರಲ್ಲಿ ಗೆಲ್ಲಿಸಿದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತು. ಆ ರಾತ್ರಿ ಸರದಿಯ ಮಾತು ಯಾರಿಗೆ ಬೇಕಿತ್ತು? 2025ರ ಫೈನಲಿನಲ್ಲಿ ಓಕ್ಲಹೋಮ ವಿರುದ್ಧ ಇಂಡಿಯಾನ ಪರವಾಗಿ ಆಡಿದವರಲ್ಲಿ ಅವರೂ ಇದ್ದರು.

ಅದೇ ಋತುವಿನಲ್ಲಿ ಸಿಕ್ಸರ್ಸ್ ಗಾಯಾಳುಗಳ ಪಡೆಯಾಗಿ 24 ಗೆದ್ದು 58 ಸೋತಿತು. ಅವರ ಸರದಿ ಆರಕ್ಕಿಂತ ಕೆಳಗೆ ಬಿದ್ದರೆ ಹಳೆಯ ಒಪ್ಪಂದದಂತೆ ಅದು ಓಕ್ಲಹೋಮದ ಪಾಲು. ಹಾಗಾಗಿ 2025ರ ಮಾರ್ಚ್–ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದ ಅಭಿಮಾನಿಗಳು ಹತ್ತು ವರ್ಷದ ಹಿಂದಿನಂತೆಯೇ ರಾತ್ರಿ ಕುಳಿತು ತಮ್ಮ ತಂಡದ ಸೋಲುಗಳನ್ನು ಎಣಿಸಿದರು. ಮೇ ತಿಂಗಳಲ್ಲಿ ಚೀಟಿ ಎತ್ತಿದಾಗ ಬಂದದ್ದು ಮೂರನೆಯ ಸರದಿ. ಈ ಸಲ ಆರಿಸಿದ್ದು ಸೆಂಟರನ್ನಲ್ಲ, ವಿ.ಜೆ. ಎಜ್‌ಕೂಂಬ್ ಎಂಬ ಗಾರ್ಡನ್ನು.