ಹೆಲಿಕಾಪ್ಟರ್ ಬಾರದ ಮೂರು ದಿನ
(ಅಲ್ ಖೋಬರ್ ಕನ್ನಡಿಗರ ಸಮಾವೇಶದ ಪ್ರಧಾನ ಭಾಷಣ)



ಸಮುದ್ರದೊಳಗಿನ ರಿಗ್ಗಿಗೆ ಹೆಲಿಕಾಪ್ಟರ್‌ನಲ್ಲಿ ಹೋಗಿಬರುವವರು ಎಷ್ಟು ಮಂದಿ ಇದ್ದೀರಿ, ಒಮ್ಮೆ ಕೈ ಎತ್ತಿ. ಸಾಕಷ್ಟು ಮಂದಿ ಇದ್ದೀರಿ. ಇವತ್ತಿನ ಮಾತು ಮೊದಲು ನಿಮಗೆ, ಆಮೇಲೆ ಊರಲ್ಲಿ ನಿಮ್ಮ ದಾರಿ ಕಾಯುವವರಿಗೆ.

26 ವರ್ಷಗಳ ಹಿಂದೆ, ಸಂಕ್ರಾಂತಿ ಕಳೆದ ಮರುವಾರ, ನಾನು ರಿಗ್ಗಿನ ಮೇಲಿದ್ದೆ. ಊರಲ್ಲಿ ತಂಗಿಯ ಮದುವೆ. ಬೆಳಿಗ್ಗೆ ಹೆಲಿಕಾಪ್ಟರ್, ರಾತ್ರಿ ಮುಂಬೈ ವಿಮಾನ, ಅಲ್ಲಿಂದ ಬಸ್ಸು. ಮುಹೂರ್ತಕ್ಕೆ ನಾಲ್ಕು ಗಂಟೆ ಉಳಿಯುತ್ತಿತ್ತು. ಶಮಾಲ್ ಬೀಸಿತು. ಮೂರು ದಿನ ಹೆಲಿಕಾಪ್ಟರ್ ಬರಲಿಲ್ಲ. ಧಾರೆಯ ಹೊತ್ತಿಗೆ ರಿಗ್ಗಿನ ಫೋನಿನಲ್ಲಿ ಓಲಗದ ಸದ್ದು ಕೇಳಿಸಿಕೊಂಡೆ, ಅಷ್ಟೇ. ಆ ಮೂರೂ ದಿನ ರೇಡಿಯೋ ಕೋಣೆಯವನ ಪ್ರಾಣ ತಿಂದಿದ್ದೆ. "ಇಷ್ಟು ಚೆಂದದ ಬಿಸಿಲಿದೆ ಮಾರಾಯ, ಆ ಪೈಲಟ್‌ಗೆ ಏನಾಗಿದೆ?"

ಬಿಸಿಲು ಇದ್ದದ್ದು ನಿಜ. ಚಳಿಗಾಲದ ಶಮಾಲ್ ಮೋಡ ದಾಟಿಹೋದ ಬೆನ್ನಿಗೇ ವಾಯುವ್ಯದಿಂದ ನುಗ್ಗುವ ತಂಪುಗಾಳಿ. ಆಕಾಶ ತೊಳೆದಿಟ್ಟ ಹಾಗೆ ಕಾಣುತ್ತದೆ, ಕೆಳಗೆ ಸಮುದ್ರ ಕುದಿಯುತ್ತಿರುತ್ತದೆ. ಈ ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರ್ ಮಾತ್ರ. ಇಂಥ ನೀರಿನಲ್ಲಿ ಅಲೆಗಳು ಬೇಗ ಏಳುತ್ತವೆ, ಒತ್ತೊತ್ತಾಗಿ, ಕಡಿದಾಗಿ ಏಳುತ್ತವೆ. ಹೆಲಿಕಾಪ್ಟರ್‌ಗೆ ಎಂಜಿನ್, ರೋಟರ್ ಎಲ್ಲ ನೆತ್ತಿಯ ಮೇಲೆ. ನೀರಿಗಿಳಿಯಬೇಕಾಗಿ ಬಂದರೆ ಗಾಳಿಚೀಲಗಳು ಅದನ್ನು ತೇಲಿಸುತ್ತವೆ, ಆದರೆ ದೊಡ್ಡ ಅಲೆಗೆ ಮಗುಚಿಬಿಡುತ್ತದೆ. ಅಂದು ಅವರು ನೋಡುತ್ತಿದ್ದದ್ದು ಹಾರಲು ಆಗುತ್ತದೆಯೇ ಎಂದಲ್ಲ. ಬಿದ್ದರೆ ನಮ್ಮನ್ನು ನೀರಿನಿಂದ ಎತ್ತಲು ಆಗುತ್ತದೆಯೇ ಎಂದು. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಸುರಕ್ಷತಾ ವಿಭಾಗಕ್ಕೆ ಬಂದ ಮೇಲೆ.

ಬೇಸಿಗೆಯ ಕಥೆ ಬೇರೆ. ಸುಡುವ ಗಾಳಿ ತೆಳುವಾಗಿರುತ್ತದೆ, ರೋಟರ್ ಎತ್ತಬಲ್ಲ ಭಾರ ಕಡಿಮೆಯಾಗುತ್ತದೆ. ಅದಕ್ಕೇ ನಮ್ಮನ್ನೂ ಬ್ಯಾಗನ್ನೂ ತೂಗುವುದು. ಅಮ್ಮ ಕೊಟ್ಟ ಉಪ್ಪಿನಕಾಯಿ ಭರಣಿಯನ್ನು ಜಾಕೆಟ್ ಒಳಗೆ ಬಚ್ಚಿಟ್ಟು ತಕ್ಕಡಿ ದಾಟಿಸಿದವರು ಇಲ್ಲೇ ಕುಳಿತು ನಗುತ್ತಿದ್ದೀರಿ, ಕಾಣುತ್ತಿದೆ.

ಉತ್ತರ ತುದಿಯ ಅಲಾಸ್ಕದಲ್ಲಿ ಊರಿಂದ ಊರಿಗೆ ಪುಟ್ಟ ವಿಮಾನಗಳೇ ಬಸ್ಸು. 1972ರ ಅಕ್ಟೋಬರ್ 16ರಂದು ಅಮೆರಿಕದ ಸಂಸತ್ತಿನ ಇಬ್ಬರು ಸದಸ್ಯರು, ಹೇಲ್ ಬಾಗ್ಸ್ ಮತ್ತು ನಿಕ್ ಬೆಗಿಚ್, ಆಂಕರೇಜ್‌ನಿಂದ ಜುನೋಗೆ ಸೆಸ್ನಾ ವಿಮಾನದಲ್ಲಿ ಹೊರಟರು. ಹವೆ ಕೆಟ್ಟಿತ್ತು. ಪೈಲಟ್ ಅನುಭವಿ. 39 ದಿನ ಹುಡುಕಿದರೂ ಒಂದು ಚೂರೂ ಸಿಗಲಿಲ್ಲ.  ಪೈಲಟ್ ಏನೇನು ಒಯ್ಯಬೇಕೆಂದು ಅಲಾಸ್ಕದ ಕಾಯ್ದೆಯಲ್ಲಿ ಒಂದು ಪಟ್ಟಿಯಿತ್ತು: ಆಹಾರ, ಕೊಡಲಿ, ಬೆಂಕಿಕಡ್ಡಿ, ಬೇಸಿಗೆಯಲ್ಲಿ ತಲೆಗೊಂದು ಸೊಳ್ಳೆಪರದೆ. ಸೊಳ್ಳೆಪರದೆ! ಕಾಡಿನಲ್ಲಿ ಬಿದ್ದು ಬದುಕಿ ಕಾಯುವ ದಿನಗಳನ್ನು ಹೊರಡುವ ಮೊದಲೇ ಲೆಕ್ಕ ಹಾಕಿದವರು ಮಾತ್ರ ಹೀಗೆ ಬರೆಯಬಲ್ಲರು.

ನಮ್ಮ ಸೊಳ್ಳೆಪರದೆ ಯಾವುದು? ಈಜುಕೊಳದಲ್ಲಿ ತಲೆಕೆಳಗಾದ ಕ್ಯಾಬಿನ್ನಿನಿಂದ ಹೊರಬರುವ ತರಬೇತಿ. ಮೂಗಿಗೆ ನೀರು ಹೋಯಿತೆಂದು ಬೈದುಕೊಂಡು ಮರೆಯುತ್ತೇವೆ. ಒಂದು ಕೈ ಕಿಟಕಿಯ ಅಂಚಿನಲ್ಲಿ, ಇನ್ನೊಂದು ಬೆಲ್ಟಿನ ಬಕಲ್ ಮೇಲೆ. ಅಲುಗಾಟ ನಿಂತ ಮೇಲೆ ಮೊದಲು ಕಿಟಕಿ, ಆಮೇಲೆ ಬೆಲ್ಟು. ಜಾಕೆಟ್ ಉಬ್ಬಿಸುವುದು ಹೊರಗೆ ಬಂದ ಮೇಲೆ. 1996ರಲ್ಲಿ ಇಥಿಯೋಪಿಯದ ವಿಮಾನ ಕೊಮೊರೋಸ್ ಬಳಿ ಸಮುದ್ರಕ್ಕೆ ಬಿದ್ದಾಗ, ಬಿದ್ದ ಪೆಟ್ಟಿನಿಂದ ಪಾರಾದ ಹಲವರು ಒಳಗೇ ಜಾಕೆಟ್ ಉಬ್ಬಿಸಿಕೊಂಡು ಸಿಕ್ಕಿಬಿದ್ದು ಮುಳುಗಿದರು.

ಇನ್ನು 2010ರ ಮೇ 22. ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ. ದುಬೈನಿಂದ ಮನೆಗೆ ಹೊರಟಿದ್ದ ನಮ್ಮಂಥವರೇ. ಬಜ್ಪೆಯಲ್ಲಿ 158 ಜನ ಹೋದರು, ಎಂಟು ಜನ ಉಳಿದರು. ಆ ಬೆಳಿಗ್ಗೆ ಹವೆ ಚೆನ್ನಾಗಿತ್ತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣ ಎಂದು ಸಹಪೈಲಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದರೂ ಕ್ಯಾಪ್ಟನ್ ಇಳಿಸಿದರು ಎಂದು ತನಿಖಾ ವರದಿ ಹೇಳಿತು. ಮನೆ ಹತ್ತಿರವಾದಾಗ ವಾಪಸ್ ತಿರುಗುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಅವತ್ತು ಆ ಹೆಲಿಕಾಪ್ಟರ್ ನನ್ನ ಕೈಯಲ್ಲಿದ್ದಿದ್ದರೆ ನಾನು ಹಾರಿಸಿಬಿಡುತ್ತಿದ್ದೆ.

ಹಾಗಾಗಿ ಒಂದೇ ಬೇಡಿಕೆ. ರಿಗ್ಗಿನಿಂದ ಇಳಿಯುವ ದಿನಕ್ಕೂ ಊರಿನ ಟಿಕೆಟಿಗೂ ನಡುವೆ ಎರಡು ದಿನ ಬಿಡಿ, ಚಳಿಗಾಲದಲ್ಲಿ ಮೂರು. ಗುತ್ತಿಗೆ ಕೆಲಸದವರಿಗೆ ಅದು ಎರಡು ದಿನದ ಸಂಬಳ, ಬಲ್ಲೆ. ಆ ದಿನಗಳನ್ನು ಪ್ರಯಾಣದ ದಿನಗಳೆಂದು ಲೆಕ್ಕ ಹಿಡಿಯಿರಿ ಎಂದು ನಿಮ್ಮ ನಿಮ್ಮ ಕಂಪನಿಗಳಲ್ಲಿ ಕೇಳಿ. ಒಬ್ಬನೇ ಕೇಳಿದರೆ ಆಗದು, ಹತ್ತು ಜನ ಸೇರಿ ಬರೆದು ಕೊಡಿ. ಮನೆಯವರಿಗೂ ಹೇಳಿಡಿ, "ಹೇಗಾದರೂ ಮಾಡಿ ಬಾ" ಎನ್ನುವ ಫೋನು ಬೇಡ ಎಂದು.

ಬರುವ ಮೇ ತಿಂಗಳಲ್ಲಿ ಅದೇ ತಂಗಿಯ ಮಗಳ ಮದುವೆ. ಆಗ ನನಗೆ ರಿಗ್ಗಿನ ಪಾಳಿಯಿದೆ. ನಾಲ್ಕು ದಿನ ಮೊದಲೇ ದಡಕ್ಕೆ ಬಿಡಿ ಎಂದು ಅರ್ಜಿ ಕೊಟ್ಟಿದ್ದೇನೆ. ಇನ್ನೂ ಸಹಿ ಬಿದ್ದಿಲ್ಲ.